ಚೌಕಳಿ ಪರದೆಯ ಮುಂದೆ ನಿಂತ ಹೆಣ್ಣು

ಮಾನ್ಯರೇ,

ಹೋದ ವಾರ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ನನ್ನ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದೆ. ಹಿಂದೆ ಕಪ್ಪು ಬಿಳಿ ಚೌಕಳಿ ಪರದೆ, ಮುಂದೆ ಅಳತೆಗೆ ನಿಂತ ಹೆಣ್ಣು. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ 2000ರಿಂದ 2004ರವರೆಗೆ ಮಾಡಿದ ಫೋಟೊ ಸರಣಿಯದು. ಆ ಹೆಣ್ಣಿನ ವೇಷದಲ್ಲಿ ನಿಂತವರು ಸ್ವತಃ ಪುಷ್ಪಮಾಲಾ.

‘ಸರ್, ಚೌಕ ಹಾಕಿ ಚಿತ್ರ ದೊಡ್ಡದು ಮಾಡ್ಲಿಕ್ಕೇನ್ರಿ?’ ಅಂದರು ಮಕ್ಕಳು. ಅದನ್ನು ಕಲಿಸಿದವನು ನಾನೇ ಅಲ್ವಾ! ಇದು ಮನುಷ್ಯರನ್ನು ಅಳೆಯುವ ಚೌಕ ಅಂದೆ. 1869ರಲ್ಲಿ ಇಂಗ್ಲೆಂಡಿನ ಜೆ. ಎಚ್. ಲ್ಯಾಂಪ್ರೆ ಒಂದು ಚೌಕಟ್ಟಿಗೆ ರೇಷ್ಮೆ ದಾರ ಕಟ್ಟಿ 2 ಇಂಚಿನ ಚೌಕಗಳನ್ನು ಮಾಡಿ, ಅದರ ಮುಂದೆ ಜನರನ್ನು ಬಟ್ಟೆ ಇಲ್ಲದೆ ನಿಲ್ಲಿಸಿ ಫೋಟೊ ತೆಗೆಯುವ ಕ್ರಮ ಹೇಳಿಕೊಟ್ಟ. ಆಮೇಲೆ ಅಂಡಮಾನಿನಲ್ಲಿ ಬ್ರಿಟಿಷ್ ಅಧಿಕಾರಿ ಪೋರ್ಟ್‌ಮನ್ ಅಲ್ಲಿನ ಜನರನ್ನು ಇಂಥದ್ದೇ ಚೌಕಳಿ ಪರದೆಯ ಮುಂದೆ ನಿಲ್ಲಿಸಿದ.

ಹಿಂದಿನ ಬೆಂಚಿನ ಹುಡುಗಿ ಕೇಳಿದಳು, ‘ಅವರಿಗೆ ನಾಚಿಕೆ ಆಗಿರಲಿಲ್ಲೇನ್ರಿ?’ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಆಗಿನ ಹೆಣ್ಣುಮಕ್ಕಳನ್ನು ಯಾರೂ ಕೇಳಿರಲಿಲ್ಲಮ್ಮ, ಈ ಕಲಾವಿದೆ ತಾನಾಗಿಯೇ ಅವರ ಜಾಗದಲ್ಲಿ ಹೋಗಿ ನಿಂತಿದ್ದಾರೆ ಅಂತ ಆಮೇಲೆ ಹೇಳಿದೆ. ಕ್ಲಾಸು ಸುಮ್ಮನಾಯಿತು. ಇದೇ ಕಲಾವಿದೆ 2014ರಲ್ಲಿ, ಪೋರ್ಚುಗೀಸರ 1898ರ ಒಂದು ವರ್ಣಚಿತ್ರ ಇಟ್ಟುಕೊಂಡು, ತಾವೇ ವಾಸ್ಕೋ ಡ ಗಾಮನ ವೇಷ ಹಾಕಿದ್ದರು. ಅದನ್ನು ನೋಡಿ ಮಕ್ಕಳು ಜೋರಾಗಿ ನಕ್ಕರು.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಅಂದರೆ, ನಮ್ಮ ಸುರಪುರಕ್ಕೆ ಬಂದ ನೆಂಟರಿಗೆ ನಾವು ಗುಡ್ಡದ ಮೇಲಿನ ಟೇಲರ್ ಮಂಜಿಲ್, ಅಂದರೆ ಹಿಂದೆ ಇಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಅವರ ಬಂಗಲೆ ತೋರಿಸುತ್ತೇವೆ. 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ ರಾಜಾ ವೆಂಕಟಪ್ಪ ನಾಯಕರ ಕಥೆಯನ್ನೂ ಹೆಚ್ಚಾಗಿ ಟೇಲರ್ ಬರೆದಿಟ್ಟದ್ದನ್ನು ನೋಡಿಯೇ ಹೇಳುತ್ತೇವೆ. ಟೇಲರ್ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಬೇರೆಯವರು ನಮ್ಮನ್ನು ಹೇಗೆ ನೋಡಿದರು ಅನ್ನುವುದನ್ನೇ ತಿರುಗಿಸಿ ನೋಡಲು ನಮ್ಮ ಮಕ್ಕಳೂ ಕಲಿಯಬೇಕು. ಸುರಪುರಕ್ಕೆ ತನ್ನದೇ ಚಿತ್ರಶೈಲಿ ಇದೆ, ಚಿತ್ರ ಬರೆಯುವ ಕೈಚಳಕ ಇರುವ ಮಕ್ಕಳೂ ಇದ್ದಾರೆ.

ಇಂಥ ಕೆಲಸ ನೋಡಬೇಕೆಂದರೆ ಬೆಂಗಳೂರಿಗೋ ಕೊಚ್ಚಿಗೋ ಹೋಗಬೇಕು. ಅಂಗೈಯಗಲದ ಮೊಬೈಲಿನಲ್ಲಿ ಮೂವತ್ತು ಮಕ್ಕಳು ತಲೆ ತೂರಿಸಿ ನೋಡಿದರೆ ಏನು ಕಂಡೀತು? ಫೋಟೊಗಳು ಶಿಲ್ಪದ ಹಾಗೆ ಭಾರವಲ್ಲ, ತರುವುದು ಕಷ್ಟವೇನಲ್ಲ. ಲಲಿತಕಲಾ ಅಕಾಡೆಮಿಯವರು ಕಲಬುರಗಿಯಲ್ಲಿ ಎರಡೇ ದಿನ ಪ್ರದರ್ಶನ ಇಡಲಿ, ನಮ್ಮ ಶಾಲೆಯ ಮಕ್ಕಳನ್ನು ಬಸ್ಸು ಹತ್ತಿಸಿಕೊಂಡು ನಾನೇ ಕರೆತರುತ್ತೇನೆ.

– ಒಬ್ಬ ಡ್ರಾಯಿಂಗ್ ಮಾಸ್ತರ, ಸುರಪುರ, ಯಾದಗಿರಿ ಜಿಲ್ಲೆ