ಬಾಟಲಿ ಸರಿಯಿದ್ದರೆ ಸಾಲದು, ಲೇಬಲ್ ಯಾವುದು?

ಮಾನ್ಯ ಸಂಪಾದಕರೇ,

ಪ್ಲಾಸ್ಟಿಕ್ ಕಸದ ಮಾತು ಬಂದಾಗಲೆಲ್ಲ ಬಳಸಿ ಬಿಸಾಡುವವರ ಕಡೆಗೇ ಬೊಟ್ಟು ತಿರುಗುತ್ತದೆ. ಕಸ ಬೇರ್ಪಡಿಸುವುದು ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಚೊಕ್ಕವಾಗಿ ಬೇರ್ಪಡಿಸಿ ಕೊಟ್ಟ ಬಾಟಲಿಯೂ ಮರುಬಳಕೆಗೆ ಒದಗದೆ ಹೋಗುವುದುಂಟು. ಎಷ್ಟೋ ಸಲ ಅದಕ್ಕೆ ಕಾರಣ ಬಾಟಲಿಯಲ್ಲ, ಅದಕ್ಕೆ ತೊಡಿಸಿದ ಲೇಬಲ್.

ಮರುಬಳಕೆ ಘಟಕದಲ್ಲಿ ಪೆಟ್ (ನೀರು, ತಂಪು ಪಾನೀಯ ತುಂಬುವ ಪಾರದರ್ಶಕ ಪ್ಲಾಸ್ಟಿಕ್) ಬಾಟಲಿಗಳನ್ನು ಸುಮಾರು ಒಂದು ಸೆಂಟಿಮೀಟರಿನ ಚೂರು ಮಾಡಿ, ಬಿಸಿ ಕಾಸ್ಟಿಕ್ ಸೋಡಾ ನೀರಿನಲ್ಲಿ ತೊಳೆದು, ನೀರಿನ ತೊಟ್ಟಿಗೆ ಬಿಡುತ್ತಾರೆ. ನೀರಿನ ಸಾಂದ್ರತೆ 1, ಪೆಟ್‌ನದು 1.38, ಹಾಗಾಗಿ ಮುಳುಗುತ್ತದೆ. ಮುಚ್ಚಳದ ಪಾಲಿಪ್ರೊಪಿಲೀನ್ (0.90) ಅಥವಾ ಎಚ್‌ಡಿಪಿಇ ಎಂಬ ಗಟ್ಟಿ ಪಾಲಿಥೀನ್ (0.95) ತೇಲುತ್ತದೆ. ಮುಚ್ಚಳ ಬೇರೆ ಜಾತಿಯದಾದರೂ ಚಿಂತೆಯಿಲ್ಲ, ನೀರೇ ಬೇರ್ಪಡಿಸಿ ಕೊಡುತ್ತದೆ. ಕಾಟ ಕೊಡುವುದು ಬಾಟಲಿಯನ್ನು ಪೂರ್ತಿ ಸುತ್ತಿಕೊಳ್ಳುವ ಪಿವಿಸಿ (ಕ್ಲೋರಿನ್ ಇರುವ ಪ್ಲಾಸ್ಟಿಕ್) ಸ್ಲೀವ್, ಅಂದರೆ ತೋಳಿನಂತೆ ತೊಡಿಸುವ ಲೇಬಲ್. ಅದರ ಸಾಂದ್ರತೆಯೂ 1.3ರಿಂದ 1.4, ಪೆಟ್ ಜೊತೆಗೇ ತಳ ಸೇರುತ್ತದೆ. ಪೆಟ್ ಕರಗಿಸಲು 260ರಿಂದ 280 ಡಿಗ್ರಿ ಶಾಖ ಬೇಕು. ಆ ಶಾಖದಲ್ಲಿ ಪಿವಿಸಿ ಕೆಟ್ಟು ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ, ಪೆಟ್‌ನ ಅಣುಸರಪಳಿ ತುಂಡಾಗುತ್ತದೆ, ಮಾಲು ಹಳದಿಗೆ ತಿರುಗಿ ಕಪ್ಪು ಚುಕ್ಕೆ ಬೀಳುತ್ತದೆ. ಟನ್ನಿಗೆ ನೂರು ಗ್ರಾಂ ಬೆರೆತರೂ ಗುಣಮಟ್ಟ ಕುಸಿಯುತ್ತದೆ.

ಪಿವಿಸಿ ಬೇಡವೆಂದು ಪೆಟ್‌-ಜಿ (ಪೆಟ್‌ನ ಮಾರ್ಪಡಿಸಿದ ರೂಪ) ಸ್ಲೀವ್‌ಗೆ ಹೋಗುವ ತಯಾರಕರಿದ್ದಾರೆ. ಅದೂ ಮುಳುಗುತ್ತದೆ, ಒಣಗಿಸುವ ಯಂತ್ರದಲ್ಲಿ ಬೇಗ ಮೆತ್ತಗಾಗಿ ಚೂರುಗಳನ್ನು ಗಂಟು ಕಟ್ಟಿಸುತ್ತದೆ. ಹೆಸರಲ್ಲಿ ಪೆಟ್ ಇದೆ ಎಂದು ನಂಬುವ ಹಾಗಿಲ್ಲ. ಜೋಳದ ಪಿಷ್ಟದಿಂದ ಮಾಡುವ ಪಿಎಲ್‌ಎ ಪ್ಲಾಸ್ಟಿಕ್ ಕೂಡ (1.24) ಈ ಮುಳುಗುವ ಗುಂಪಿನದೇ. ಕಾರ್ಖಾನೆಯ ಗೊಬ್ಬರದ ರಾಶಿಯ 58 ಡಿಗ್ರಿ ಆಸುಪಾಸಿನ ಶಾಖ ಸಿಗದಿದ್ದರೆ ಅದು ಸುಲಭಕ್ಕೆ ಕೊಳೆಯುವುದೂ ಇಲ್ಲ.

ಲೇಬಲ್ ಪರೀಕ್ಷೆಗೆ ಪ್ರಯೋಗಾಲಯ ಬೇಕಿಲ್ಲ. ಮಾದರಿಯನ್ನು ಉಗುರಿನಷ್ಟು ಚೂರು ಮಾಡಿ, ಎರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿದ ನೀರಿಗೆ ಬಿಟ್ಟು ಕಡ್ಡಿಯಿಂದ ಅದ್ದಿ. ತೇಲಿದರೆ ತೊಟ್ಟಿಯಲ್ಲೂ ಪೆಟ್‌ನಿಂದ ಬೇರ್ಪಡುತ್ತದೆ, ಮುಳುಗಿದರೆ ಪೆಟ್ ಜೊತೆಗೇ ಉಳಿಯುತ್ತದೆ. ಸೋಪು ಹಾಕದಿದ್ದರೆ ಅಂಟಿಕೊಂಡ ಗಾಳಿಗುಳ್ಳೆಗಳಿಂದ ಮುಳುಗಬೇಕಾದದ್ದೂ ತೇಲಿ ಮೋಸ ಮಾಡುತ್ತದೆ. ಮುಳುಗಿದ ಚೂರು ಪಿವಿಸಿಯೇ ಎಂದು ತಿಳಿಯಲು, ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ ನಿಂತು, ಇಕ್ಕಳದಲ್ಲಿ ಹಿಡಿದ ತಾಮ್ರದ ತಂತಿಯನ್ನು ಜ್ವಾಲೆಯ ಬಣ್ಣ ಬದಲಾಗದಷ್ಟು ಕಾಯಿಸಿ, ಚೂರಿಗೆ ಮುಟ್ಟಿಸಿ ಮತ್ತೆ ಉರಿಗೆ ಹಿಡಿಯಿರಿ. ಹಸಿರು ಜ್ವಾಲೆ ಕಂಡರೆ ಕ್ಲೋರಿನ್ ಇದೆ. ಹೊಗೆ ಒಳ್ಳೆಯದಲ್ಲ, ಒಂದೇ ಚೂರು ಸಾಕು.

ಲೇಬಲ್ ಪಾಲಿಪ್ರೊಪಿಲೀನ್‌ದಾಗಿ, ಬಾಟಲಿಯ ಅರ್ಧದಷ್ಟನ್ನು ಬಿಟ್ಟು ಅಂಟಿಸಿದ್ದರೆ ಎಷ್ಟೋ ಕೆಲಸ ಹಗುರ. ಪೂರ್ತಿ ಮುಚ್ಚಿದ ಬಾಟಲಿಯನ್ನು ಅವಕೆಂಪು ಕಿರಣದ ವಿಂಗಡಣೆ ಯಂತ್ರ ಗುರುತಿಸದೆ ಬಿಡಬಹುದು. ಕಾರ್ಬನ್ ಬ್ಲ್ಯಾಕ್ ಎಂಬ ಕಪ್ಪು ಬಣ್ಣದ ಪುಡಿ ಹಾಕಿದ ಡಬ್ಬಿಯಂತೂ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಅಂಟು ಕ್ಷಾರದ ಬಿಸಿನೀರಿನಲ್ಲಿ ಬಿಡುವಂಥದ್ದಾಗಿರಲಿ. ಕಾಗದದ ಲೇಬಲ್ ಪರಿಸರಸ್ನೇಹಿಯಾಗಿ ಕಂಡರೂ ತೊಟ್ಟಿಯಲ್ಲಿ ನಾರಾಗಿ ಕರಗಿ ನೀರನ್ನು ಕೆಡಿಸುತ್ತದೆ.

ಫಾಯಿಲ್ ಇರುವ ಪೌಚುಗಳ ಲೆಕ್ಕವೇ ಬೇರೆ. ಪೆಟ್, ಅಲ್ಯೂಮಿನಿಯಂ, ಪಾಲಿಥೀನ್ ಮೂರೂ ಅಂಟಿಕೊಂಡಿರುವುದನ್ನು ಯಾವ ತೊಟ್ಟಿಯೂ ಬಿಡಿಸದು. ಹಾಗೆಂದು ದಿಢೀರನೆ ಬರೀ ಪಾಲಿಥೀನ್ ಪೌಚಿಗೆ ಬದಲಾಯಿಸಿದರೆ ಒಳಗಿನ ಪದಾರ್ಥಕ್ಕೆ ತೇವವೋ ಆಮ್ಲಜನಕವೋ ತಾಗಿ ಹಾಳಾಗಬಹುದು. ತುಂಬಿದ ಪೌಚುಗಳನ್ನು 38 ಡಿಗ್ರಿ, ಶೇ 90 ತೇವಾಂಶದಲ್ಲಿ ಕೆಲವು ವಾರ ಇಟ್ಟು, ತೂಕ, ವಾಸನೆ, ಗರಿಗರಿತನ ನೋಡಿದ ಮೇಲೆಯೇ ದೊಡ್ಡ ಆರ್ಡರ್ ಕೊಡುವುದು ಲೇಸು.

– ಪ್ಯಾಕೇಜಿಂಗ್ ತಂತ್ರಜ್ಞರು