ಗುರುವಾರ ರಾತ್ರಿಗಳಲ್ಲಿ ಜೊತೆಗಿದ್ದವರಿಗೆ

ಮೊನ್ನೆ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಎಲ್ಲರಿಗೂ ಎದುರಿಗೇ ಥ್ಯಾಂಕ್ಸ್ ಹೇಳೋಣ ಅಂತಿದ್ದೆ, ಗಂಟಲು ಕಟ್ಟಿ ಮಾತೇ ಹೊರಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಷ್ಟು ವರ್ಷ ಬೆಂಗಳೂರಲ್ಲಿ ಏನು ಮಾಡಿದೆ ಅಂತ ಊರಲ್ಲಿ ಕೇಳುತ್ತಾರೆ. ನಾವು ತಿಂದ ಮುದ್ದೆಯ ಎಲೆಕ್ಟ್ರಾನ್‌ಗಳು ಜೀವಕೋಶದ ಮೈಟೋಕಾಂಡ್ರಿಯಾದಲ್ಲಿ ಕೈಯಿಂದ ಕೈಗೆ ದಾಟಿ ಕೊನೆಗೆ ಆಕ್ಸಿಜನ್ ಸೇರುತ್ತವೆ. ಅವನ್ನು ಹೊತ್ತು ತರುವ ಅಣು ಎನ್‌ಎಡಿಎಚ್. 340 ನ್ಯಾನೋಮೀಟರ್ ಸುಮಾರಿನ ಅತಿನೇರಳೆ ಬೆಳಕು ಬಿಟ್ಟರೆ ಅದು ನೀಲಿಯಾಗಿ ಹೊಳೆಯುತ್ತದೆ. ಎಲೆಕ್ಟ್ರಾನ್ ಕೊಟ್ಟ ಮೇಲೆ ಆ ಹೊಳಪು ಇರಲ್ಲ. ಆ ಹೊಳಪನ್ನು ಅಳೆಯುವುದೇ ನನ್ನ ಕೆಲಸವಾಗಿತ್ತು. ಅದಕ್ಕೆ ಬಣ್ಣ ಹಾಕುವುದೂ ಬೇಡ, ಕೋಶ ಕೊಲ್ಲುವುದೂ ಬೇಡ. 1925ರಲ್ಲೇ ವಿಜ್ಞಾನಿ ಡೇವಿಡ್ ಕೀಲಿನ್ ಯೀಸ್ಟ್‌ನಲ್ಲಿ ಇಂಥದ್ದನ್ನು ಕಂಡಿದ್ದರು. ಗಾಳಿ ಸೇರುವಂತೆ ಅಲುಗಾಡಿಸಿದರೆ ಎಲೆಕ್ಟ್ರಾನ್ ದಾಟಿಸುವ ಸೈಟೋಕ್ರೋಮ್ ಎಂಬ ಪ್ರೋಟೀನ್ ಬೆಳಕಿನ ವರ್ಣಪಟಲದಲ್ಲಿ ಮೂಡಿಸುವ ಕಪ್ಪು ಗೆರೆಗಳು ಮಾಯ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹಾಜರ್! ಗೈಡ್ ಮೇಡಂ ಈ ಕಥೆ ಹೇಳಿದ ದಿನವೇ ನಾನು ಇದಕ್ಕೆ ಬಿದ್ದೆ.

ಮೂರನೇ ವರ್ಷ ಎಂಟು ತಿಂಗಳ ಅಳತೆ ನೀರುಪಾಲಾಯಿತು. ಎನ್‌ಎಡಿಎಚ್ ಜೊತೆಗೆ, ಅದೇ ದಾರಿಯಲ್ಲಿ ಎಲೆಕ್ಟ್ರಾನ್ ದಾಟಿಸುವ ಫ್ಲಾವಿನ್ ಎಂಬ ಅಣುವಿನ ಹಸಿರು ಹೊಳಪನ್ನೂ ಅಳೆಯುತ್ತಿದ್ದೆ. "ಕೋಶವೇ ಇಲ್ಲದ ಡಿಶ್ ಇಟ್ಟು ನೋಡಿದ್ದೀಯೇನೋ?" ಅಂತ ಸೀನಿಯರ್ ಅಕ್ಕ ಕೇಳಿದರು. ಇಟ್ಟೆ. ಅದೂ ಹಸಿರಾಗಿ ಹೊಳೆಯಿತು. ಕೋಶ ಬೆಳೆಸುವ ದ್ರವ, ಅಂದರೆ ಮೀಡಿಯಂನಲ್ಲೇ ರೈಬೋಫ್ಲಾವಿನ್ (ಬಿ2 ವಿಟಮಿನ್) ಇತ್ತು. ಅದೂ ಒಂದು ಫ್ಲಾವಿನ್ನೇ, ಅದರ ಹೊಳಪೂ ನನ್ನ ಅಳತೆಯಲ್ಲಿ ಬೆರೆತಿತ್ತು. ಮೇಡಂ ಬೈಯಲಿಲ್ಲ. "ಮೊದಲು ಊಟ ಮಾಡಿ ಬಾ" ಅಂದರು. ಅವತ್ತು ಅವರು ಹಾಗೆ ಅನ್ನದಿದ್ದರೆ ನಾನು ಊರಿನ ಬಸ್ ಹತ್ತುತ್ತಿದ್ದೆ, ಇದು ನಿಜ. ಅಕ್ಕ ಮರುದಿನವೇ ಪಕ್ಕದಲ್ಲಿ ಕೂತು, ಮೀಡಿಯಂ ತೆಗೆದು ಕೋಶಗಳನ್ನು ಬರೀ ಉಪ್ಪಿನ ದ್ರಾವಣದಲ್ಲಿ ತೊಳೆಯುವುದನ್ನು ತೋರಿಸಿಕೊಟ್ಟರು.

ಹಗಲು ಮೈಕ್ರೋಸ್ಕೋಪ್ ಸಿಗುವುದು ಕಷ್ಟ. ನನಗೆ ಗುರುವಾರ ರಾತ್ರಿಯ ಸ್ಲಾಟ್. ಅಂಥ ಒಂದು ರಾತ್ರಿ ಎರಡು ಗಂಟೆಗೆ ಕೋಶಗಳಿಗೆ ಒಂದು ತೊಟ್ಟು ರೋಟೆನೋನ್ ಬಿಟ್ಟೆ. ಅದು ಎಲೆಕ್ಟ್ರಾನ್ ದಾರಿಯ ಮೊದಲ ಬಾಗಿಲನ್ನೇ ಮುಚ್ಚುತ್ತದೆ. ಸ್ಕ್ರೀನ್ ಮೇಲೆ ನೀಲಿ ಹೊಳಪು ತೋರಿಸುವ ಗೆರೆ ನಿಧಾನವಾಗಿ ಮೇಲೇರಿತು. ಎಲೆಕ್ಟ್ರಾನ್ ಕೊಡಲಾಗದ ಎನ್‌ಎಡಿಎಚ್ ಒಳಗೇ ತುಂಬಿಕೊಳ್ಳುತ್ತಿತ್ತು. ಕೂಗಿಬಿಟ್ಟೆ. ಏನೋ ಆಯ್ತು ಅಂತ ಸೆಕ್ಯೂರಿಟಿ ಅಣ್ಣ ಓಡಿ ಬಂದರು. ಗೆರೆ ತೋರಿಸಿದೆ. ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ಅವು ಬದುಕವೆ ಅಂತಾಯ್ತು" ಅಂದು ಫ್ಲಾಸ್ಕ್‌ನಿಂದ ಟೀ ಬಗ್ಗಿಸಿ ಬಾಗಿಲ ಆಚೆ ಕೊಟ್ಟರು. ಅಣ್ಣ, ಆ ಟೀ ಮರೆಯಲ್ಲ.

ಅಮ್ಮ, ಭಾನುವಾರ ಬರುತ್ತೇನೆ. ಜೂನಿಯರ್‌ಗಳೇ, ತೊಳೆಯುವ ಕ್ರಮ ನೀಲಿ ನೋಟ್‌ಬುಕ್‌ನಲ್ಲಿದೆ. ಗುರುವಾರದ ಸ್ಲಾಟ್ ಈಗ ಖಾಲಿ, ಬೇಕಾದವರು ಹೆಸರು ಬರೆಸಿಕೊಳ್ಳಿ.