ಶನಿವಾರದ ಗಂಜಿಗೂ ಭಾನುವಾರದ ಮೇಜಿಗೂ: ಒಂದು ದೇಣಿಗೆ ಮನವಿ

ಕ್ರಿಸ್ತನಲ್ಲಿ ಪ್ರಿಯರಾದ ಸಭೆಯವರಿಗೆ, ಮಂಡಿ ಮೊಹಲ್ಲಾದ ನೆರೆಹೊರೆಯವರಿಗೆ, ಮೈಸೂರು ಬಿಟ್ಟು ಹೋದರೂ ನಮ್ಮ ಯೋಗಕ್ಷೇಮ ವಿಚಾರಿಸುವ ಮಕ್ಕಳಿಗೆ ವಂದನೆಗಳು.

ಸಂತೆಪೇಟೆಯ ಅಕ್ಕಿ ಸಾಹುಕಾರರು ತೀರಿಕೊಂಡ ಸುದ್ದಿ ನಿಮ್ಮಲ್ಲಿ ಕೆಲವರಿಗೆ ತಲುಪಿರಬಹುದು. ಅವರು ನಮ್ಮ ಸಭೆಯವರಲ್ಲ. ದೇವಾಲಯದ ಗೇಟಿನವರೆಗೆ ಬಂದಿದ್ದರೇ ಹೊರತು ಒಳಗೆ ಒಮ್ಮೆಯೂ ಕಾಲಿಟ್ಟವರಲ್ಲ. ಆದರೂ ಆರು ವರ್ಷ, ತಿಂಗಳ ಮೊದಲ ಶುಕ್ರವಾರ ಸಂಜೆ ಅವರ ಅಂಗಡಿಯ ಹುಡುಗ ನುಚ್ಚಕ್ಕಿಯ ಮೂಟೆಗಳನ್ನು ಹಿಂಬಾಗಿಲಲ್ಲಿ ಇಳಿಸಿ, ಚೀಟಿಗೆ ನನ್ನ ಸಹಿ ಹಾಕಿಸಿಕೊಂಡು ಹೋಗುತ್ತಿದ್ದ. ಚೀಟಿಯಲ್ಲಿ ಬೆಲೆ ಬರೆಯುವ ಜಾಗದಲ್ಲಿ ಬರೀ ಒಂದು ಗೆರೆ. ದಾನಿಗಳ ಹಲಗೆಯ ಮೇಲೆ ನಿಮ್ಮ ಹೆಸರು ಬರೆಸುತ್ತೇವೆ ಎಂದು ಕೇಳಲು ಹೋದಾಗ, "ಬಣ್ಣ ಬಳಿಸುವ ದುಡ್ಡಿಗೆ ಒಂದಿಷ್ಟು ಹೆಸರುಕಾಳು ತನ್ನಿ, ಗಂಜಿ ಗಟ್ಟಿಯಾಗುತ್ತದೆ" ಎಂದು ಕಳಿಸಿಬಿಟ್ಟಿದ್ದರು. ಅವರ ಮಾತನ್ನು ಉಳಿಸಿಕೊಂಡು ಇಲ್ಲೂ ಹೆಸರು ಬರೆಯುತ್ತಿಲ್ಲ. ಈಗ ಆ ಅಂಗಡಿಯ ಬಾಗಿಲು ಮುಚ್ಚಿದೆ. ನಮ್ಮ ಲೆಕ್ಕದ ಪುಸ್ತಕದಲ್ಲಿ ಇಷ್ಟು ವರ್ಷ ಗೆರೆಯಾಗಿದ್ದ ಜಾಗದಲ್ಲಿ ಅಂಕಿ ಬರೆಯುವ ಕಾಲ ಬಂದಿದೆ. ಅದಕ್ಕಾಗಿಯೇ ಈ ಮನವಿ.

ಬರೆಯುತ್ತಿರುವವನು ಸಭೆಯ ಖಜಾಂಚಿ. ಸಭಾಪಾಲಕರನ್ನೇ ಬರೆಯಿರಿ ಎಂದು ಕೇಳಿಕೊಂಡಿದ್ದೆ. "ನಾನು ಬರೆದರೆ ಪ್ರಸಂಗವಾಗುತ್ತದೆ, ನೀವು ಬರೆದರೆ ಲೆಕ್ಕವಾಗುತ್ತದೆ. ಜನಕ್ಕೆ ಈಗ ಬೇಕಿರುವುದು ಲೆಕ್ಕ" ಎಂದು ನನ್ನ ಕಡೆಗೇ ತಳ್ಳಿದರು.

ಮೊದಲು ಗಂಜಿಯ ವಿಷಯ. ದೊಡ್ಡಾಸ್ಪತ್ರೆಗೆ ಎಚ್.ಡಿ. ಕೋಟೆ, ಹುಣಸೂರು, ಗುಂಡ್ಲುಪೇಟೆ, ಕೊಳ್ಳೇಗಾಲ, ಮಂಡ್ಯದ ಹಳ್ಳಿಗಳಿಂದ ರೋಗಿಗಳು ಬರುತ್ತಾರೆ. ರೋಗಿಗೆ ಒಳಗೆ ಹಾಸಿಗೆ ಸಿಗುತ್ತದೆ, ಊಟವೂ ಸಿಗುತ್ತದೆ. ಜೊತೆಗೆ ಬಂದ ತಾಯಿಯೋ ಅಣ್ಣನೋ ಹೊರಗೆ ಚಾಪೆ ಹಾಸಿಕೊಂಡು ದಿನ ಎಣಿಸುತ್ತಾರೆ. ಕೈಯಲ್ಲಿರುವ ದುಡ್ಡು ಔಷಧಿಗೆ, ಬಸ್ಸಿಗೆ ಬೇಕು ಎಂದು ಅವರು ಮೊದಲು ಕೈಬಿಡುವುದು ಬೆಳಗಿನ ತಿಂಡಿಯನ್ನು. ಶನಿವಾರ ಬೆಳಿಗ್ಗೆ ಏಳಕ್ಕೆ ನಮ್ಮ ಯುವಜನ ಕೂಟದವರು ಎರಡು ದೊಡ್ಡ ಪಾತ್ರೆ ಗಂಜಿ, ಒಂದು ಪಾತ್ರೆ ರಾಗಿ ಅಂಬಲಿ, ಒಂದು ಬುಟ್ಟಿ ಸ್ಟೀಲ್ ಲೋಟಗಳೊಂದಿಗೆ ಅಲ್ಲಿರುತ್ತಾರೆ. ಕಾಗದದ ಲೋಟ ತಂದರೆ ತೊಳೆಯುವ ಕೆಲಸ ತಪ್ಪುತ್ತದೆ ಎಂದು ಹುಡುಗರು ವಾದಿಸಿದರು. ಸ್ತ್ರೀ ಅನ್ಯೋನ್ಯ ಕೂಟದ ಅಜ್ಜಿಯೊಬ್ಬರು, "ಮನೆಗೆ ಬಂದವರಿಗೆ ಕಾಗದದಲ್ಲಿ ಕೊಡುತ್ತೀಯಾ?" ಎಂದು ಒಂದೇ ಮಾತಿನಲ್ಲಿ ಆ ವಾದ ಮುಗಿಸಿದರು. ಲೋಟ ತೊಳೆಯುವ ಪಾಳಿ ಈಗಲೂ ಹುಡುಗರದೇ.

ಕಳೆದ ಮಳೆಗಾಲದಲ್ಲಿ ಒಬ್ಬ ಹೆಂಗಸು ಲೋಟ ಹಿಡಿದುಕೊಂಡು, ಇದು ಯಾವ ದೇವರ ಪ್ರಸಾದ, ಏನಾದರೂ ಹರಕೆಯೇ ಎಂದು ಕೇಳಿದರು. "ಹರಕೆಯೂ ಇಲ್ಲ, ಪ್ರಸಾದವೂ ಅಲ್ಲ. ಗಂಜಿ, ಅಷ್ಟೇ ಅಮ್ಮ. ಉಪ್ಪು ಸಾಕೇ?" ಎಂದ ಬಡಿಸುತ್ತಿದ್ದ ಹುಡುಗ. ಈ ಮಾತನ್ನು ಇಲ್ಲಿ ಬರೆಯುವುದಕ್ಕೆ ಕಾರಣವಿದೆ. ಇತ್ತೀಚೆಗೆ ಇಂಥ ಕೆಲಸವನ್ನು ಅನುಮಾನದ ಕಣ್ಣಿನಿಂದ ನೋಡುವವರು ಹೆಚ್ಚಾಗಿದ್ದಾರೆ. ನೇರವಾಗಿಯೇ ಹೇಳುತ್ತೇನೆ: ಗಂಜಿಯ ಪಾತ್ರೆಯ ಪಕ್ಕದಲ್ಲಿ ಕರಪತ್ರ ಇಡುವುದಿಲ್ಲ. ಯಾರಾದರೂ ತಾವಾಗಿ ಪ್ರಾರ್ಥಿಸಿ ಎಂದು ಕೇಳಿದರೆ ಪ್ರಾರ್ಥಿಸುತ್ತೇವೆ. ಕೇಳದವರಿಗೆ ಇನ್ನೊಂದು ಲೋಟ ತುಂಬಿಸುತ್ತೇವೆ.

ಇನ್ನು ರಕ್ತದೊತ್ತಡ ನೋಡುವ ಭಾನುವಾರದ ಮೇಜು. ಇದು ಶುರುವಾದದ್ದು ಒಂದು ಸಂಕಟದಿಂದ. ನಮ್ಮ ಗಾಯನವೃಂದದಲ್ಲಿ ನಲವತ್ತು ವರ್ಷ ಹಾಡಿದ ಹಿರಿಯರೊಬ್ಬರಿದ್ದರು. ರಕ್ತದೊತ್ತಡದ ಮಾತ್ರೆ ತಿನ್ನುತ್ತಿದ್ದರು, ಮೈ ಹಗುರವಾಗಿದೆ ಎನಿಸಿದ ಮೇಲೆ ನಿಲ್ಲಿಸಿಬಿಟ್ಟಿದ್ದರು. ಅದು ನನಗೂ ಗೊತ್ತಿತ್ತು. ಚಹಾ ಕುಡಿಯುತ್ತಾ ನನ್ನ ಮುಂದೆಯೇ ಹೇಳಿದ್ದರು, ನಾನೂ ತಲೆಯಾಡಿಸಿದ್ದೆ. ಒಂದು ರಾತ್ರಿ ಊಟದ ಹೊತ್ತಿನಲ್ಲಿ ಬಾಯಿ ಸ್ವಲ್ಪ ಸೊಟ್ಟಗಾಯಿತು, ಬಲಗೈಯಿಂದ ತಟ್ಟೆ ಜಾರಿತು, ಮಾತು ತೊದಲಿತು. ದಣಿವು ಇರಬೇಕೆಂದು ಮನೆಯವರು ನಿಂಬೆ ಪಾನಕ ಕೊಟ್ಟು ಮಲಗಿಸಿದರು. ಆಸ್ಪತ್ರೆ ಸೇರಿದ್ದು ಬೆಳಗಾದ ಮೇಲೆ. ಲಕ್ವ ಹೊಡೆದಾಗ ಮೆದುಳಿನ ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪನ್ನು ಕರಗಿಸುವ ಚುಚ್ಚುಮದ್ದು ಇದೆ, ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಎಂಬುದು ನಮ್ಮಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಅವರು ಈಗಲೂ ಗಾಲಿಕುರ್ಚಿಯಲ್ಲಿ ಕುಳಿತು ಆರಾಧನೆಗೆ ಬರುತ್ತಾರೆ. ಕೀರ್ತನೆ ಶುರುವಾದಾಗ ತುಟಿ ಅಲುಗುತ್ತದೆ, ಸ್ವರ ಹೊರಡುವುದಿಲ್ಲ.

ಅದಾದ ಮೂರನೆಯ ಭಾನುವಾರ ಸಭೆಯ ನಿವೃತ್ತ ದಾದಿಯೊಬ್ಬರು ಮನೆಯಿಂದ ಬಿಪಿ ಯಂತ್ರ ತಂದು, ಹೊಂಗೆ ಮರದ ಕೆಳಗೆ ಸಂಡೇ ಸ್ಕೂಲಿನ ಮೇಜು ಎಳೆದು ಕುಳಿತರು. ಅಂದಿನಿಂದ ಮೇಜು ಅಲ್ಲೇ ಇದೆ. ಅವರ ಶಿಸ್ತು ಪಾಲನಾ ಸಮಿತಿಗಿಂತ ಬಿಗಿ. ಕೀರ್ತನೆ ಹಾಡಿ ಏದುಸಿರಿನಲ್ಲಿ ಬಂದವರ ತೋಳಿಗೆ ಪಟ್ಟಿ ಸುತ್ತುವುದಿಲ್ಲ. ಐದು ನಿಮಿಷ ಬೆನ್ನು ಆನಿಸಿ, ಪಾದ ನೆಲಕ್ಕೆ ಊರಿ, ಮಾತಾಡದೆ ಕೂರಬೇಕು. ಮಾತಾಡದೆ ಕೂರುವುದೇ ನಮ್ಮ ಸಭೆಯಲ್ಲಿ ಹಲವರಿಗೆ ಕಷ್ಟದ ಕೆಲಸ. ಕಾಫಿ ಕುಡಿದು ಬಂದವರಿಗೆ ಅರ್ಧ ಗಂಟೆ ಬಿಟ್ಟು ಬನ್ನಿ ಎನ್ನುತ್ತಾರೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಒತ್ತಡ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅದಕ್ಕೆಂದೇ ದೊಡ್ಡ ಪಟ್ಟಿಯೊಂದು ಬೇಕೆಂದು ನನ್ನನ್ನು ಪೀಡಿಸುತ್ತಿದ್ದಾರೆ. ಎರಡು ಸಲ ನೋಡಿದ ಮೇಲೂ 140/90 ಮುಟ್ಟಿದ್ದರೆ ವೈದ್ಯರಿಗೆ ತೋರಿಸಿ ಎಂಬ ಚೀಟಿ, ಮೇಲಿನ ಅಂಕಿ 180 ದಾಟಿದ್ದರೆ ಅಂದೇ ಆಟೊ. ಮಾತ್ರೆ ನಾವು ಕೊಡುವುದಿಲ್ಲ, ಬದಲಿಸುವುದಿಲ್ಲ, ನಿಲ್ಲಿಸಿ ಎಂದು ಹೇಳುವುದಂತೂ ಇಲ್ಲವೇ ಇಲ್ಲ. ಮುಂದಿನ ಭಾನುವಾರ ಬಂದಾಗ "ತೋರಿಸಿದಿರಾ?" ಎಂದು ಕೇಳುತ್ತೇವೆ. ಹೆಚ್ಚಿನ ಕೆಲಸ ನಡೆಯುವುದು ಆ ಒಂದು ಪ್ರಶ್ನೆಯಿಂದಲೇ.

ಈಗ ಮೇಜಿನ ಮುಂದೆ ನಮ್ಮವರಿಗಿಂತ ಬೀದಿಯವರೇ ಹೆಚ್ಚು. ಹೂ ಕಟ್ಟುವವರು, ಆಟೊ ಚಾಲಕರು, ಪಕ್ಕದ ಮಸೀದಿಯ ಓಣಿಯ ಹೆಂಗಸರು ಬರುತ್ತಾರೆ. ಆರಾಧನೆಯ ನಂತರದ ಚಹಾಕ್ಕೆ ಸಕ್ಕರೆ ಬೆರೆಸದೆ ಬೇರೆ ಬಟ್ಟಲಲ್ಲಿ ಇಡತೊಡಗಿದಾಗ ಸಣ್ಣದೊಂದು ದಂಗೆಯೇ ನಡೆಯಿತು. ಎರಡು ತಿಂಗಳಲ್ಲಿ ಅದೂ ತಣ್ಣಗಾಯಿತು. ಕ್ರಿಸ್ಮಸ್ಸಿನ ಸಿಹಿತಿಂಡಿ ಕಲ್‌ಕಲ್ ವಿಷಯಕ್ಕೆ ಮಾತ್ರ ನಾವು ಕೈ ಹಾಕಿಲ್ಲ.

ಸಭೆಯ ಕೆಲಸ ಆತ್ಮದ್ದು, ಒತ್ತಡ ಅಳೆಯುವುದು ಆಸ್ಪತ್ರೆಯ ಕೆಲಸ ಎಂದು ಸಮಿತಿಯಲ್ಲಿ ಹಿರಿಯರೊಬ್ಬರು ಆಕ್ಷೇಪ ಎತ್ತಿದ್ದುಂಟು. ಅವರನ್ನು ಗೌರವಿಸುತ್ತೇನೆ, ಅವರ ಮಾತನ್ನು ಒಪ್ಪುವುದಿಲ್ಲ. ನಾವು ದಿನವೂ ಹಾದುಹೋಗುವ ಮಿಷನ್ ಆಸ್ಪತ್ರೆ 1906ರಲ್ಲಿ ಹೆಂಗಸರು ಮಕ್ಕಳಿಗಾಗಿ ಬಾಗಿಲು ತೆರೆಯಿತು. ತೆರೆದವರು ಇದೇ ಊರಿನಲ್ಲಿ ಪ್ರಸಂಗ ಮಾಡುತ್ತಿದ್ದ ವೆಸ್ಲಿಯನ್ ಮಿಷನ್ನಿನವರು. ಇನ್ನೂ ಒಂದು ಶತಮಾನ ಹಿಂದೆ ಹೋದರೆ ಶ್ರೀರಂಗಪಟ್ಟಣದ ಗಂಜಾಂನಲ್ಲಿ ಅಬ್ಬೆ ದುಬೊಯಿ ಎಂಬ ಫ್ರೆಂಚ್ ಪಾದ್ರಿಗಳಿದ್ದರು, ಜನ ದೊಡ್ಡ ಸ್ವಾಮಿಯವರು ಎಂದು ಕರೆಯುತ್ತಿದ್ದವರು. ಟಿಪ್ಪು ಸುಲ್ತಾನರ ಕಾಲ ಮುಗಿದು ನಾಲ್ಕೈದು ವರ್ಷವಾಗಿತ್ತಷ್ಟೇ. ಆಗ, 1803-04ರ ಹೊತ್ತಿಗೆ, ಸಿಡುಬಿನ ದೇವಿ, ಅಂದರೆ ಲಸಿಕೆ, ಹಾಕಿಸಲು ಹಳ್ಳಿಹಳ್ಳಿಯ ಜನರನ್ನು ಒಪ್ಪಿಸಿದ ದೊಡ್ಡ ಪ್ರಯತ್ನ ಅವರದು. ಅವರು ಕಥೋಲಿಕರು, ನಾವು ಪ್ರೊಟೆಸ್ಟೆಂಟರು. ದೇವಿ ಹಾಕುವ ಸೂಜಿಗೆ ಆ ಭೇದ ಗೊತ್ತಿರಲಿಲ್ಲ ಎಂದು ಸಮಿತಿಯಲ್ಲಿ ಹೇಳಿದೆ. ಆಕ್ಷೇಪಿಸಿದ ಹಿರಿಯರು ಮುಂದಿನ ವಾರ ಮೇಜಿಗೆ ಬಂದರು. ಅವರ ಅಂಕಿ ಎಷ್ಟಿತ್ತೆಂದು ಬರೆಯುವುದಿಲ್ಲ.

ಮನೆಭೇಟಿಯ ಬಗ್ಗೆಯೂ ಎರಡು ಮಾತು ಹೇಳಬೇಕು. ಮೆಟ್ಟಿಲು ಇಳಿಯಲಾಗದ ಹಿರಿಯರ ಮನೆಗಳಿಗೆ ಬುಧವಾರ ಇಬ್ಬಿಬ್ಬರಾಗಿ ಹೋಗುತ್ತೇವೆ. ಒಂದು ಮನೆಯಲ್ಲಿ ಅಜ್ಜಿ ಬಿಸ್ಕತ್ತಿನ ಡಬ್ಬಿ ತೆರೆದು ತೋರಿಸಿದರು: ಒಳಗೆ ಅವರ ಮಾತ್ರೆಗಳು, ತೀರಿಹೋದ ಯಜಮಾನರ ಮಾತ್ರೆಗಳು, ಯಾರದೋ ಕೆಮ್ಮಿನ ಮಾತ್ರೆಗಳು, ಎಲ್ಲ ಕಲಸುಮೇಲೋಗರ. ಓದು ಬಾರದ ಅವರು ಬಣ್ಣ ನೋಡಿ ನುಂಗುತ್ತಿದ್ದರು. ಕಂಪನಿ ಬದಲಾದಾಗ ಮಾತ್ರೆಯ ಬಣ್ಣವೂ ಬದಲಾಗಿತ್ತು. ವೈದ್ಯರನ್ನು ಕೇಳಿ ವಿಂಗಡಿಸಿದ ಮೇಲೆ ಸ್ತ್ರೀ ಅನ್ಯೋನ್ಯ ಕೂಟದವರು ಎರಡು ಬಟ್ಟೆಯ ಚೀಲ ಹೊಲಿದುಕೊಟ್ಟರು, ಬೆಳಗಿನದರ ಮೇಲೆ ಸೂರ್ಯ, ರಾತ್ರಿಯದರ ಮೇಲೆ ಚಂದ್ರ, ಹಳದಿ ನೂಲಿನ ಕಸೂತಿ. ಈಗ ಅಕ್ಕಪಕ್ಕದ ಮನೆಯವರೂ ಸೂರ್ಯ ಚಂದ್ರ ಚೀಲ ಬೇಕೆಂದು ಕೇಳುತ್ತಾರೆ. ಇದರ ಖರ್ಚು ನೂಲು ಮಾತ್ರ, ಅದಕ್ಕೆ ನಿಮ್ಮನ್ನು ಕೇಳುತ್ತಿಲ್ಲ. ಮಕ್ಕಳೆಲ್ಲ ದೂರವಿದ್ದು ಮನಸ್ಸು ಕುಗ್ಗಿದವರ ಬಳಿ ಕುಳಿತು ಕೇಳಿಸಿಕೊಳ್ಳುವುದಷ್ಟೇ ನಮಗೆ ಬರುತ್ತದೆ. ಅದಕ್ಕೂ ಮೀರಿದ್ದು ಎನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಅವರ ಎದುರಿಗೇ ಕರೆ ಮಾಡಿಸುತ್ತೇವೆ. ಆ ಕರೆಗೆ ಹಣವಿಲ್ಲ, ಹೊತ್ತುಗೊತ್ತಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ನನ್ನದೊಂದು ತಪ್ಪನ್ನೂ ಇಲ್ಲಿ ಬರೆಯಬೇಕು. ಎರಡು ವರ್ಷದ ಹಿಂದೆ ರಿಯಾಯಿತಿ ಸಿಕ್ಕಿತೆಂದು ಮೇಜಿನಲ್ಲಿ ರಕ್ತದ ಸಕ್ಕರೆ ಪರೀಕ್ಷಿಸುವ ಪಟ್ಟಿಗಳನ್ನು ಒಟ್ಟಿಗೆ ಕೊಂಡು, ಬಿಸಿಲು ಬೀಳುವ ಬೀರುವಿನಲ್ಲಿಟ್ಟೆ. ಆ ಪಟ್ಟಿಗಳಿಗೆ ಬಿಸಿಯೂ ಆಗದು, ತೇವವೂ ಆಗದು; ಡಬ್ಬಿ ತೆರೆದ ಮೇಲೆ ಬಾಳಿಕೆಯೂ ಕಡಿಮೆ. ಅರ್ಧಕ್ಕರ್ಧ ಎಸೆಯಬೇಕಾಯಿತು. ಆ ಹಣವನ್ನು ನನ್ನ ಪಿಂಚಣಿಯಿಂದ ತುಂಬಿದ್ದೇನೆ, ರಸೀದಿ ಪುಸ್ತಕದಲ್ಲಿದೆ. ಅಂದಿನಿಂದ ತಿಂಗಳಿಗೆ ಬೇಕಾದಷ್ಟೇ ಕೊಳ್ಳುತ್ತೇವೆ. ಆದ್ದರಿಂದ ದಯವಿಟ್ಟು ಪಟ್ಟಿಯ ಡಬ್ಬಿಗಳನ್ನು ಕಳಿಸಬೇಡಿ. ಮನೆಯಲ್ಲಿ ಉಳಿದ ಮಾತ್ರೆ, ಟಾನಿಕ್‌ಗಳನ್ನಂತೂ ಬೇಡವೇ ಬೇಡ.

ಈಗ ಲೆಕ್ಕ. ಅಕ್ಕಿ, ಹೆಸರುಕಾಳು, ರಾಗಿ, ಗ್ಯಾಸ್, ಸಾಗಣೆ ಸೇರಿ ಒಂದು ಶನಿವಾರಕ್ಕೆ 2,600 ರೂಪಾಯಿ, ವರ್ಷಕ್ಕೆ 1,35,200. ಸಕ್ಕರೆ ಪಟ್ಟಿ ಮತ್ತು ಸೂಜಿಗೆ ಭಾನುವಾರಕ್ಕೆ 450ರಂತೆ 23,400. ಹಿರಿಯರನ್ನು ವೈದ್ಯರ ಬಳಿಗೆ ಕರೆದೊಯ್ಯುವ ಆಟೊಗೆ ತಿಂಗಳಿಗೆ 3,000, ವರ್ಷಕ್ಕೆ 36,000. ಹೊಸ ಬಿಪಿ ಯಂತ್ರ ಎರಡು, ದಾದಿಯಮ್ಮ ಕೇಳುತ್ತಿರುವ ದೊಡ್ಡ ಪಟ್ಟಿ ಸೇರಿ 7,000. ಒಟ್ಟು 2,01,600. ಸುಗ್ಗಿ ಹಬ್ಬದ ಹರಾಜಿನಿಂದ 68,000 ಬಂದಿದೆ. ನಂಜನಗೂಡಿನ ರಸಬಾಳೆಯ ಒಂದೇ ಗೊನೆಗೆ ಇಬ್ಬರು ಬೀಗರು ಹಟ ಹಿಡಿದು 4,000ದವರೆಗೆ ಕೂಗಿದರು. ಗೆದ್ದವರು ಅದನ್ನು ಅಲ್ಲೇ ಮಕ್ಕಳಿಗೆ ಹಂಚಿದರು, ಸೋತವರೂ ಒಂದು ಹಣ್ಣು ತಿಂದರು. ಉಳಿದ ಕೊರತೆ 1,33,600. ಇದಕ್ಕಿಂತ ಹೆಚ್ಚು ಬಂದರೆ ಕಟ್ಟಡ ನಿಧಿಗೆ ಹೋಗುವುದಿಲ್ಲ, ಮುಂದಿನ ವರ್ಷದ ಗಂಜಿಗೇ ಉಳಿಯುತ್ತದೆ.

ದಾರಿಯಲ್ಲಿ ಬಿದ್ದವನನ್ನು ಎತ್ತಿಕೊಂಡು ಹೋದ ಸಮಾರ್ಯದವನ ಕಥೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಅದರಲ್ಲಿ ಎಣ್ಣೆ ಹಚ್ಚಿ ಗಾಯ ಕಟ್ಟಿದ ಭಾಗವನ್ನೇ ಎಲ್ಲರೂ ನೆನೆಯುತ್ತಾರೆ. ಖಜಾಂಚಿಯಾದ ನನಗೆ ಹಿಡಿಸುವುದು ಮರುದಿನ ಬೆಳಿಗ್ಗೆ ಅವನು ಛತ್ರದವನ ಕೈಗೆ ಹಣ ಎಣಿಸಿಕೊಟ್ಟು, ಹೆಚ್ಚಿಗೆ ಖರ್ಚಾದರೆ ಹಿಂದಿರುಗುವಾಗ ತೀರಿಸುತ್ತೇನೆ ಎನ್ನುವ ಭಾಗ.

ಕೊಡುವ ಬಗೆ ಹೀಗಿದೆ. ದೇವಾಲಯದ ಕಚೇರಿಯಲ್ಲಿ ನಗದು ಅಥವಾ ಚೆಕ್ ಕೊಟ್ಟು ರಸೀದಿ ಪಡೆಯಿರಿ. ಕ್ಯುಆರ್ ಹಲಗೆ ಕಚೇರಿಯ ಗೋಡೆಯ ಮೇಲಿದೆ. ಮೊಬೈಲಿಗೆ ನಾವು ಕ್ಯುಆರ್ ಕಳಿಸುವುದಿಲ್ಲ. ನಮ್ಮ ಹೆಸರಿನಲ್ಲಿ ಯಾರಾದರೂ ಕಳಿಸಿದರೆ ಒಂದು ರೂಪಾಯಿಯನ್ನೂ ಹಾಕಬೇಡಿ. ಈ ನಿಧಿಗೆ 80ಜಿ ಇಲ್ಲ, ಹಾಗಾಗಿ ತೆರಿಗೆಯ ಲಾಭ ಸಿಗದು. ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿಯೂ ನಮಗಿಲ್ಲ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ದುಬೈಯಲ್ಲೋ ಕೆನಡಾದಲ್ಲೋ ಇರುವ ಮಕ್ಕಳು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಬಹುದು. ಬೇರೆ ದೇಶದ ಪೌರತ್ವ ಪಡೆದವರಿಂದ, ಒಸಿಐ ಕಾರ್ಡ್ ಇದ್ದರೂ, ನಾವು ತೆಗೆದುಕೊಳ್ಳುವಂತಿಲ್ಲ. ಬೇಸರ ಮಾಡಿಕೊಳ್ಳಬೇಡಿ. ಊರಿಗೆ ಬಂದಾಗ ಒಂದು ಬುಧವಾರ ನಮ್ಮ ಜೊತೆ ಮನೆಭೇಟಿಗೆ ಬನ್ನಿ.

ಇಡೀ ಮೊತ್ತವನ್ನು ಒಬ್ಬರೇ ಕೊಡುತ್ತೇನೆಂದು ಮುಂದೆ ಬಂದರೆ ಬೇಡ ಎನ್ನುವಷ್ಟು ಶ್ರೀಮಂತರು ನಾವಲ್ಲ. ಆದರೂ 52 ಮನೆಯವರು ಒಂದೊಂದು ಶನಿವಾರ ವಹಿಸಿಕೊಂಡರೆ ನನಗೆ ಹೆಚ್ಚು ನೆಮ್ಮದಿ. ಒಬ್ಬರನ್ನೇ ನೆಚ್ಚಿಕೊಂಡರೆ ಏನಾಗುತ್ತದೆ ಎಂಬುದನ್ನು ಈ ವರ್ಷ ಕಂಡಿದ್ದೇವೆ. ಶನಿವಾರಗಳ ಪಟ್ಟಿ ಕಚೇರಿಯ ಬಾಗಿಲಲ್ಲಿ ತೂಗುತ್ತಿದೆ, ಪೆನ್ಸಿಲನ್ನು ದಾರದಿಂದ ಕಟ್ಟಿದ್ದೇವೆ. ಮೊದಲ ಶನಿವಾರವನ್ನು ಸಾಹುಕಾರರ ಅಂಗಡಿಯ ಹುಡುಗ ಈಗಾಗಲೇ ಬರೆದುಕೊಂಡಿದ್ದಾನೆ. ಪೂರ್ತಿ 2,600 ಆಗದು, ಉಳಿದದ್ದಕ್ಕೆ ಪಾತ್ರೆ ಹೊರುತ್ತೇನೆ ಎಂದಿದ್ದಾನೆ.

ಒಲೆ ಹಚ್ಚುವುದು ಬೆಳಿಗ್ಗೆ ಐದಕ್ಕೆ. ಹಿಂಬಾಗಿಲು ತೆರೆದಿರುತ್ತದೆ, ನಾಯಿ ಕಚ್ಚುವುದಿಲ್ಲ.

ಪಾಲನಾ ಸಮಿತಿಯ ಪರವಾಗಿ,
ಖಜಾಂಚಿ